ಅಮ್ಮನ ಮಣೆ ಮತ್ತು ಐವತ್ತು ಸಾವಿರದ ಅಡುಗೆಮನೆ

ಶ್ರೀನಿವಾಸಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಯಾವಾಗಲೂ ಒಂದು ಮಣೆ ಬಿದ್ದಿರುತ್ತಿತ್ತು. ಮಾವಿನ ಹಲಗೆಯದು, ನಾಲ್ಕು ಇಂಚು ಎತ್ತರ. ಕೂರುವ ಮಣೆಯಲ್ಲ, ಅಮ್ಮ ಅದರ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ನಾನು ನೀರು ಕುಡಿಯೋಕೆ ಹೋದಾಗ ಅದನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳುತ್ತಿದ್ದೆ, ತಮ್ಮ ಎಡವಿ ಬೈಯುತ್ತಿದ್ದ. ಅಮ್ಮ ಮತ್ತೆ ಎಳೆದುಕೊಂಡು ನಿಲ್ಲುತ್ತಿದ್ದಳು. ಮನೆ ಕಟ್ಟಿಸಿದ್ದು 1998ರಲ್ಲಿ. ಇಷ್ಟು ವರ್ಷದಲ್ಲಿ ಆ ಮಣೆ ಯಾಕಿದೆ ಅಂತ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ವಾರ ಆ ಮಣೆ ಜಾರಿತು. ಅಮ್ಮ ಒಲೆಯಿಂದ ಮುದ್ದೆ ಪಾತ್ರೆ ಇಳಿಸುತ್ತಿದ್ದಳು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಗಿ ಹಿಟ್ಟು ಬೆಂದ ಮೇಲೆ ಕೋಲು ಹಾಕಿ ಗಂಟಿಲ್ಲದ ಹಾಗೆ ತೊಳಸಬೇಕು, ಅದಕ್ಕೆ ಮೇಲಿನಿಂದ ಮೈಭಾರ ಬಿಟ್ಟು ಒತ್ತಬೇಕು. ಎತ್ತರದ ಕಟ್ಟೆಯ ಮೇಲೆ, ಅದರ ಮೇಲೊಂದು ಸ್ಟೌ, ಅದರ ಮೇಲೊಂದು ಪಾತ್ರೆ ಇದ್ದರೆ ಅಮ್ಮನಂಥ ನಾಲ್ಕು ಅಡಿ ಹನ್ನೊಂದು ಇಂಚಿನವರಿಗೆ ಅದು ಆಗುವ ಮಾತಲ್ಲ. ಹಾಗಾಗಿ ದಿನಾ ಸಂಜೆ ಕುದಿಯುವ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಣೆಯಿಂದ ಕೆಳಗೆ ಹೆಜ್ಜೆ ಇಟ್ಟು, ನೆಲಕ್ಕಿಳಿಸಿ, ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ತೊಳಸುತ್ತಿದ್ದಳು. ಅವತ್ತು ಹೆಜ್ಜೆ ತಪ್ಪಿತು. ಬಲಗಾಲಿನ ಪಾದದ ಮೇಲೆ ಹಿಟ್ಟು ಬಿತ್ತು. ಬಿಸಿ ನೀರಾದರೆ ಹರಿದುಹೋಗುತ್ತೆ, ಮುದ್ದೆ ಹಿಟ್ಟು ಅಂಟಿಕೊಂಡು ಸುಡುತ್ತೆ.

ಇಪ್ಪತ್ತೆರಡು ದಿನ ಡ್ರೆಸ್ಸಿಂಗ್ ನಡೆಯಿತು. ಆ ಇಪ್ಪತ್ತೆರಡು ದಿನವೂ ನಾನು ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ರೈಲಿನಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಅಡುಗೆಮನೆಗಳ ಫೋಟೋ ನೋಡಿದ್ದೇ ನೋಡಿದ್ದು.

ತಮ್ಮನದು ಬೇರೆ ಲೆಕ್ಕ. ಅವನು ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಹೆಣ್ಣು ನೋಡುತ್ತಿದ್ದೇವೆ. "ಅಕ್ಕಾ, ಹೆಣ್ಣಿನ ಕಡೆಯೋರು ಮನೆ ನೋಡೋಕೆ ಬಂದಾಗ ಈ ಕರೀ ಕಲ್ಲು ತೋರ್ಸೋದಾ? ಮಾಡಿದ್ರೆ ಪೂರ್ತಿ ಮಾಡಿಸೋಣ, ಇಎಂಐ ಹಾಕ್ಕೊಂಡ್ರೆ ಆಯ್ತು" ಅಂದ. ಸರಿ ಅಂತ ಬೆಂಗಳೂರಿನ ಒಂದು ಮಾಡ್ಯುಲರ್ ಕಿಚನ್ ಅಂಗಡಿಯವರನ್ನು ಕರೆಸಿದೆವು. ಹುಡುಗ ಲೇಸರ್ ಯಂತ್ರ ಹಿಡಿದು ಗೋಡೆಯಿಂದ ಗೋಡೆಗೆ ಅಳೆದ. ಲ್ಯಾಪ್‌ಟಾಪ್‌ನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದ. ಹಳೆಯ ಕಲ್ಲೆಲ್ಲ ಒಡೆದು ತೆಗೆದು ಪ್ಲೈವುಡ್ ಡಬ್ಬಗಳನ್ನು ಕೂರಿಸೋದು, ಒಟ್ಟು ₹2,35,000.

ಅಮ್ಮ ಕಾಲು ಚಾಚಿ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ಎಲ್ಲಾ ಚೆನ್ನಾಗೈತಪ್ಪ. ಮುದ್ದೆ ಎಲ್ಲಿ ತೊಳಸೋದು?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪಾಪ, ಅವನ ತಪ್ಪಲ್ಲ. ನಮ್ಮ ಹತ್ತಿರವೂ ಇರಲಿಲ್ಲವಲ್ಲ.

ಮೊದಲು ಯಾರನ್ನು ಅಳೆಯಬೇಕು?

ನನ್ನ ಕೈಯಲ್ಲಿದ್ದದ್ದು ಚೀಟಿ ಎತ್ತಿದ ₹50,000. ಸಾಲ ಬೇಡ ಅಂತ ಅಮ್ಮ ಖಡಾಖಂಡಿತ ಹೇಳಿಬಿಟ್ಟಿದ್ದಳು. ಇನ್ನೊಂದನ್ನು ಬಾಯಿಬಿಟ್ಟು ಹೇಳದಿದ್ದರೂ ಗೊತ್ತಾಗುತ್ತಿತ್ತು. ಆ ಕಡಪ ಕಟ್ಟೆ ಅಪ್ಪ ಮುಂದೆ ನಿಂತು ಮಾಡಿಸಿದ್ದು, ಅಪ್ಪ ಹೋಗಿ ಆರು ವರ್ಷ. ಕಟ್ಟೆ ಒಡೆಯೋ ಮಾತು ಬಂದಾಗೆಲ್ಲ ಅಮ್ಮ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಪರಿಚಯದವರೊಬ್ಬರು ಆವನಿ ಹತ್ತಿರದ ಹಳ್ಳಿಯ ಒಬ್ಬ ಮೇಸ್ತ್ರಿಯನ್ನು ಕಳಿಸಿದರು. ಅರವತ್ತರ ಆಸುಪಾಸು, ಮುಳಬಾಗಿಲು ತಾಲ್ಲೂಕಿನ ಬಹಳಷ್ಟು ಜನರ ಹಾಗೆ ಅರ್ಧ ತೆಲುಗು, ಅರ್ಧ ಕನ್ನಡ. ಬಂದವರು ಟೇಪು ತೆಗೆಯಲೇ ಇಲ್ಲ. "ವಂಟ ಎವರು ಚೇಸೇದಿ?" ಅಡುಗೆ ಮಾಡೋರು ಯಾರು ಅಂತ ಕೇಳಿದರು. ಅಮ್ಮನನ್ನು ತೋರಿಸಿದೆ. "ಅಮ್ಮಾ, ಇಕ್ಕಡ ನಿಲಬಡಂಡಿ" ಅಂತ ಕಟ್ಟೆಯ ಮುಂದೆ ಬರಿಗಾಲಲ್ಲಿ ನಿಲ್ಲಿಸಿದರು. ಮೊಣಕೈ ಮಡಿಸೋಕೆ ಹೇಳಿ, ಆಮೇಲೆ ಟೇಪು ತೆಗೆದು ನೆಲದಿಂದ ಮೊಣಕೈವರೆಗೆ ಅಳೆದರು. 37 ಇಂಚು. ಕಟ್ಟೆ ಅಳೆದರು. 36 ಇಂಚು.

"ಇದು ಯಾವನು ಕಟ್ಟಿದ್ದು? ಗಂಡಸಿಗೆ ಕಟ್ಟವ್ನೆ" ಅಂದರು.

ಅಪ್ಪ ಐದು ಅಡಿ ಹತ್ತು ಇಂಚು. 1998ರಲ್ಲಿ ಕಟ್ಟೆ ಹಾಕುವಾಗ ಮೇಸ್ತ್ರಿ ಮುಂದೆ ನಿಂತಿದ್ದವರು ಅಪ್ಪ. "ಎಷ್ಟೆತ್ತರ ಬೇಕು ಸ್ವಾಮಿ?" ಅಂತ ಕೇಳಿರುತ್ತಾರೆ, ಅಪ್ಪ ತಮ್ಮ ಸೊಂಟದ ಹತ್ತಿರ ಕೈಯಿಟ್ಟು ತೋರಿಸಿರುತ್ತಾರೆ. ಅಮ್ಮ ಆಗ ನನ್ನನ್ನೂ ತಮ್ಮನನ್ನೂ ಕಟ್ಟಿಕೊಂಡು ಅಜ್ಜಿ ಮನೆಯಲ್ಲಿದ್ದಳು. ಮನೆಗೆ ಬಂದ ವಾರದಲ್ಲೇ ಮಣೆ ಮಾಡಿಸಿಕೊಂಡಳಂತೆ. ಈ ಮಾತು ಅವತ್ತೇ ನನಗೆ ಗೊತ್ತಾಗಿದ್ದು.

ಲೆಕ್ಕ ಸರಳ. ತರಕಾರಿ ಹೆಚ್ಚೋದು, ಚಪಾತಿ ಲಟ್ಟಿಸೋದು ಇಂಥ ಕೆಲಸದ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು. ಸ್ಟೌ ಇಡುವ ಜಾಗ ಇನ್ನೂ ಕೆಳಗೆ ಬೇಕು, ಯಾಕೆಂದರೆ ಸ್ಟೌವಿನ ಎತ್ತರ, ಪಾತ್ರೆಯ ಎತ್ತರ ಎರಡೂ ಅದರ ಮೇಲೆ ಸೇರುತ್ತವೆ. ಸಿಂಕ್ ಮಾತ್ರ ಉಲ್ಟಾ. ನಮ್ಮ ಕೈ ಕೆಲಸ ಮಾಡೋದು ಸಿಂಕಿನ ತಳದಲ್ಲಿ, ಅದು ಕಟ್ಟೆಗಿಂತ ಏಳೆಂಟು ಇಂಚು ಕೆಳಗೆ. ಸಿಂಕ್ ಕಟ್ಟೆ ತಗ್ಗಾದರೆ ಬೆನ್ನು ಬಗ್ಗಿಸಿಯೇ ನಿಲ್ಲಬೇಕು. ನಮ್ಮನೆಯಲ್ಲಿ ಪಾತ್ರೆ ತೊಳೆಯೋದು ತಮ್ಮ (ಹೌದು, ಅಮ್ಮ ಹಾಗೇ ಬೆಳೆಸಿದ್ದಾಳೆ), ಅವನೂ ಐದು ಒಂಬತ್ತು.

ಹಾಗಾಗಿ ತೀರ್ಮಾನ ಹೀಗಾಯಿತು. ನಮ್ಮ ಕಟ್ಟೆ ಎಲ್ ಆಕಾರದ್ದು, ಕಿಟಕಿ ಗೋಡೆಗೆ ಒಂಬತ್ತು ಅಡಿ, ಪಕ್ಕದ ಗೋಡೆಗೆ ಐದು ಅಡಿ. ಸಿಂಕ್ ಇರುವ ನಾಲ್ಕು ಅಡಿ 36 ಇಂಚಿನಲ್ಲೇ ಇರಲಿ. ಅದು ಅಪ್ಪನ ಕಲ್ಲು, ಒಡೆಯೋ ಅಗತ್ಯವೇ ಇಲ್ಲ. ಉಳಿದ ಐದು ಅಡಿ 32 ಇಂಚಿಗೆ ಇಳಿಯಲಿ. ಪಕ್ಕದ ಗೋಡೆಯಲ್ಲಿ ಸ್ಟೌವಿಗೆ ಮೂರು ಅಡಿ, 28 ಇಂಚು. ಕೊನೆಯ ಎರಡು ಅಡಿಯಲ್ಲಿ 18 ಇಂಚಿನ ಒಂದು ಗಟ್ಟಿ ದಿಮ್ಮಿ, ಮುದ್ದೆಗೆ ಅಂತಲೇ. "ಏನಕ್ಕಾ ಇದು, ಅಂತರಗಂಗೆ ಮೆಟ್ಟಿಲ ಥರ" ಅಂತ ತಮ್ಮ ನಕ್ಕ. ಅಪ್ಪನ ಕಲ್ಲು ಉಳಿಯುತ್ತೆ ಅಂದ ಕೂಡಲೇ ಅಮ್ಮನ ಮುಖ ಸಡಿಲವಾಯಿತು. ಅವತ್ತಿನಿಂದ ಹಿತ್ತಲಿಗೆ ಎದ್ದುಹೋಗೋದು ನಿಂತಿತು, ಬದಲಿಗೆ ಸಲಹೆಗಳು ಶುರುವಾದವು.

ಕಡಪ ಕಲ್ಲಿನ ಗುಟ್ಟು

ಈಗ ಕಲ್ಲಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮೂರ ಹಳೇ ಮನೆಯಲ್ಲೂ ಇದೇ ಕಲ್ಲು ಇರಬಹುದು.

ಕೋಲಾರ ಜಿಲ್ಲೆಯಲ್ಲಿ ಎತ್ತ ನೋಡಿದರೂ ಗ್ರಾನೈಟ್ ಬಂಡೆ. ಆದರೂ ನಮ್ಮ ಹಳೇ ಅಡುಗೆಮನೆಗಳಲ್ಲಿ ಇರೋದು ಗಡಿಯಾಚೆಯ ಆಂಧ್ರದಿಂದ ಬಂದ ಕಡಪ ಕಲ್ಲು. ಯಾಕೆ? ಕಡಪ ಕಲ್ಲು ಪದರ ಪದರವಾಗಿರುತ್ತೆ, ಉಳಿ ಸುತ್ತಿಗೆಯಲ್ಲೇ ಚಪ್ಪಡಿಯಾಗಿ ಸೀಳಿಕೊಳ್ಳುತ್ತೆ. ಗ್ರಾನೈಟ್ ಹಾಗೆ ಸೀಳಲ್ಲ, ತೆಳ್ಳಗೆ ಕೊಯ್ಯೋಕೆ ದೊಡ್ಡ ಯಂತ್ರ ಬೇಕು. ಬಂಡೆಯ ನಾಡಿನಲ್ಲಿದ್ದುಕೊಂಡೂ ಕಟ್ಟೆಗೆ ಹೊರಗಿನ ಕಲ್ಲು ಅಗ್ಗವಾಗಿದ್ದದ್ದು ಹೀಗೆ.

ಕಡಪ ಕಲ್ಲು ನೋಡೋಕೆ ಗಟ್ಟಿ, ಆದರೆ ಮೂಲದಲ್ಲಿ ಅದು ಸುಣ್ಣದ ಕಲ್ಲಿನ ಜಾತಿ. ಹುಳಿ ಬಿದ್ದರೆ ಕರಗುತ್ತೆ. ನಿಂಬೆ, ಹುಣಸೆ, ಟೊಮೆಟೊ, ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಯಾವುದಾದರೂ ಸರಿ. ಮಾವು, ಟೊಮೆಟೊ ಬೆಳೆಯೋ ನಮ್ಮ ಜಿಲ್ಲೆಯಲ್ಲಿ ಆ ಕಲ್ಲಿನ ಗತಿ ಏನಾಗಬೇಡ! ನಮ್ಮ ಕಟ್ಟೆಯ ಮೇಲೆ ಅಲ್ಲಲ್ಲಿ ಮಂಕಾದ ಬೂದು ಬಣ್ಣದ ಮಚ್ಚೆಗಳಿದ್ದವು. ಕೊಳೆ ಅಂದುಕೊಂಡು ಎಷ್ಟು ಉಜ್ಜಿದ್ದೇವೋ. ಅದು ಕೊಳೆಯಲ್ಲ, ಹುಳಿ ತಿಂದ ಜಾಗ.

ನಾನು ಮಾಡಿದ ಘನಂದಾರಿ ಕೆಲಸವನ್ನೂ ಹೇಳಿಬಿಡುತ್ತೇನೆ. ನಮ್ಮ ಬೋರ್‌ವೆಲ್ ನೀರಿನ ಗಡಸು ನಿಮಗೆ ಗೊತ್ತು. ನಲ್ಲಿ, ಸಿಂಕು, ಅದರ ಸುತ್ತಲಿನ ಕಲ್ಲು, ಎಲ್ಲದರ ಮೇಲೂ ಬಿಳಿ ಹೊಪ್ಪಳೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಕ್ಲೀನ್ ಮಾಡೋಕೆ ಹೊರಟು, ಬಾತ್‌ರೂಮಿನ ಆಸಿಡ್ಡನ್ನೇ ಕಟ್ಟೆಗೆ ಸುರಿದಿದ್ದೆ. ಬುಸ್ ಅಂತ ನೊರೆ ಬಂದಾಗ ಕೊಳೆ ಬಿಡ್ತಿದೆ ಅಂತ ಖುಷಿಪಟ್ಟೆ. ನೀರಿನ ಬಿಳಿ ಹೊಪ್ಪಳೆಯೂ ಸುಣ್ಣ, ಕಲ್ಲೂ ಸುಣ್ಣ. ಒಂದನ್ನು ತಿನ್ನೋ ಆಸಿಡ್ ಇನ್ನೊಂದನ್ನು ಬಿಡುತ್ತದೆಯೇ? ಹೊಪ್ಪಳೆಯ ಜೊತೆ ಕಲ್ಲಿನ ಹೊಳಪೂ ಹೋಯಿತು. ಕಡಪದ ಮೇಲೆ ನಿಂಬೆ, ವಿನೆಗರ್, ಆಸಿಡ್ ಯಾವುದೂ ಬೇಡ. ಸೋಪಿನ ನೀರು, ಮೆತ್ತನೆ ಬಟ್ಟೆ, ಕೊನೆಗೆ ಒಣ ಬಟ್ಟೆಯಲ್ಲಿ ಒರೆಸೋದು, ಅಷ್ಟೇ.

ಸಮಾಧಾನದ ಸಂಗತಿ ಅಂದರೆ ಮಂಕಾದ ಕಡಪವನ್ನು ಇದ್ದ ಜಾಗದಲ್ಲೇ ಮತ್ತೆ ಪಾಲಿಶ್ ಮಾಡಬಹುದು. ಕೈಯಲ್ಲಿ ಹಿಡಿಯೋ ಗ್ರೈಂಡರಿಗೆ ಒರಟಿನಿಂದ ನಯದವರೆಗೆ ಒಂದೊಂದೇ ಪ್ಯಾಡ್ ಹಾಕಿ, ನೀರು ಬಿಡುತ್ತಾ ಉಜ್ಜುತ್ತಾರೆ. ಸಿಂಕ್ ಕಡೆಯ ನಾಲ್ಕು ಅಡಿಗೆ ಅರ್ಧ ದಿನ ಹಿಡಿಯಿತು, ಕೂಲಿ ₹1,500. ಅಡುಗೆಮನೆ ಪೂರ್ತಿ ಕಪ್ಪು ಕೆಸರು ಹಾರುತ್ತೆ, ಡಬ್ಬಗಳನ್ನೆಲ್ಲ ಮೊದಲೇ ಹೊರಗಿಡಿ. ಮುಗಿದಾಗ ಅಮ್ಮ ಕಲ್ಲಿನಲ್ಲಿ ಮುಖ ನೋಡಿಕೊಂಡಳು. "ಗೃಹಪ್ರವೇಶದ ದಿನ ಹಿಂಗೇ ಇತ್ತು" ಅಂದಳು.

ಉಳಿದ ಕಡೆಗೆ ಮಾತ್ರ ಗ್ರಾನೈಟ್ ಬೇಕಿತ್ತು, ಅದು ಹುಳಿಗೆ ಜಗ್ಗಲ್ಲ. ಎಲ್ಲ ಸೇರಿ 24 ಚದರ ಅಡಿ. ಇಷ್ಟು ಸ್ವಲ್ಪಕ್ಕೆ ಇಡೀ ಸ್ಲ್ಯಾಬ್ ಕೊಳ್ಳೋದು ದಂಡ. ಮೇಸ್ತ್ರಿ ಮುಳಬಾಗಿಲು ಹೈವೇ ಪಕ್ಕದ ಒಂದು ಗ್ರಾನೈಟ್ ಯಾರ್ಡಿಗೆ ಕರೆದುಕೊಂಡು ಹೋದರು. ಹಿಂಭಾಗದಲ್ಲಿ ಬೇರೆಯವರ ಮನೆಗೆ ಕೊಯ್ದು ಉಳಿದ ತುಂಡುಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ. ಚದರ ಅಡಿಗೆ ₹110ರ ಹಾಗೆ ಸಿಕ್ಕಿತು. ಬಣ್ಣ ಒಂದೇ ಥರ ಬೇಕು ಅಂತ ಹಟ ಹಿಡಿದರೆ ಸಿಗಲ್ಲ. ನಮ್ಮ ಮುದ್ದೆ ದಿಮ್ಮಿಯ ಕಲ್ಲು ಕೆಂಪು ಚುಕ್ಕಿಯದು, ಉಳಿದದ್ದು ಕಪ್ಪು. ತುಂಡು ಆರಿಸುವಾಗ ಮೇಲೆ ನೀರು ಚಿಮುಕಿಸಿ ನೋಡಿ. ಬಿರುಕಿದ್ದರೆ ಒಣಗುವಾಗ ಗೆರೆ ಎದ್ದು ಕಾಣುತ್ತೆ. ಬರುವಾಗ ಮುಳಬಾಗಿಲು ದೋಸೆ ತಿನ್ನದೆ ಬರೋದುಂಟೆ? ಆ ಖರ್ಚು ಲೆಕ್ಕಕ್ಕೆ ಹಾಕಿಲ್ಲ.

ಮುದ್ದೆ ದಿಮ್ಮಿ

ಇದು ಯಾವ ಕ್ಯಾಟಲಾಗಿನಲ್ಲೂ ಇಲ್ಲದ್ದು. ಪೂರ್ತಿ ಮೇಸ್ತ್ರಿ ಮತ್ತು ಅಮ್ಮನ ತಲೆ.

ಮಾಲೂರಿನಿಂದ ಇಟ್ಟಿಗೆ ತಂದೆವು. ಇಟ್ಟಿಗೆಯ ಊರಲ್ಲೇ ಬಾಡಿಗೆಗಿರೋಳು ನಾನು, ಬೇರೆ ಕಡೆ ಕೊಂಡರೆ ನಗುತ್ತಾರೆ. ಎರಡು ಅಡಿ ಚೌಕಕ್ಕೆ ಗಟ್ಟಿಯಾಗಿ ಇಟ್ಟಿಗೆ ಕಟ್ಟಿ ಮೇಲೆ ಒಂದು ಕಲ್ಲು ಹಾಸಿದರು. ಅದರ ಮೇಲೆ ಇನ್ನೊಂದು ಕಲ್ಲು. ಮೇಲಿನ ಕಲ್ಲಿಗೆ ಸಿಂಕಿಗೆ ತೂತು ಕೊರೆಯುವ ಹಾಗೆ ದುಂಡಗೆ ಒಂದು ತೂತು. ಅಮ್ಮನ ಮುದ್ದೆ ಪಾತ್ರೆಯನ್ನೇ ಬೋರಲು ಹಾಕಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೆರಳಗಲ ಜಾಸ್ತಿ ಬಿಟ್ಟು ಕೊರೆದರು. ಈಗ ಪಾತ್ರೆ ಆ ಗುಳಿಯಲ್ಲಿ ಕೂತರೆ ಎಷ್ಟು ತೊಳಸಿದರೂ ಅತ್ತಿತ್ತ ಜಾರಲ್ಲ. ಪಾತ್ರೆಯ ಬಾಯಿ ಅಮ್ಮನ ಸೊಂಟಕ್ಕಿಂತ ಕೆಳಗೆ ಬರುತ್ತೆ, ನಿಂತೇ ಮೈಭಾರ ಬಿಟ್ಟು ಒತ್ತಬಹುದು. ಸ್ಟೌ ಪಕ್ಕದಲ್ಲೇ ಇರೋದರಿಂದ ಬಿಸಿ ಪಾತ್ರೆ ಹಿಡಿದು ಒಂದು ಹೆಜ್ಜೆಯೂ ಇಡಬೇಕಾಗಿಲ್ಲ.

ಅಡುಗೆಮನೆಯಲ್ಲಿ ಹೆಜ್ಜೆ ಲೆಕ್ಕ ಹಾಕೋದು ಹೊಸದೇನಲ್ಲ ಅಂತ ಆಮೇಲೆ ಓದಿದೆ. 1926ರಲ್ಲಿ ಮಾರ್ಗರೆಟೆ ಶುಟ್ಟೆ ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಮಿಕರ ಮನೆಗಳಿಗಾಗಿ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ರೈಲಿನ ಊಟದ ಬೋಗಿಯ ಅಡುಗೆಮನೆ ಅವರಿಗೆ ಮಾದರಿಯಂತೆ. ಇವತ್ತಿನ ಮಾಡ್ಯುಲರ್ ಕಿಚನ್ನುಗಳ ಅಜ್ಜಿ ಅದು. ಅದರಲ್ಲಿ ಕೂತು ಕೆಲಸ ಮಾಡೋಕೆ ಒಂದು ತಿರುಗುವ ಸ್ಟೂಲ್ ಕೂಡ ಇತ್ತು. ಕೂತು ಕೆಲಸ ಮಾಡೋದು ಅಂದಾಗ ನನಗೆ ಈಳಿಗೆಮಣೆ ನೆನಪಾಯಿತು. ಅಮ್ಮ ಇವತ್ತಿಗೂ ಸೊಪ್ಪು ಹೆಚ್ಚೋದು ನೆಲದಲ್ಲಿ ಕೂತೇ. ಹಾಗಾಗಿ ಬಾಗಿಲ ಪಕ್ಕದ ಮೂಲೆಯನ್ನು ಖಾಲಿ ಬಿಟ್ಟೆವು. ತಮ್ಮ ಅಲ್ಲೊಂದು ಉದ್ದನೆಯ ಬೀರು ಬೇಕು ಅಂದಿದ್ದ, ಬೇಡ ಅಂದೆ.

ಕಟ್ಟೆ ಇಳಿಸೋರಿಗೆ ಒಂದು ಎಚ್ಚರಿಕೆ. ಸಿಲಿಂಡರನ್ನು ರೆಗ್ಯುಲೇಟರ್ ಸೇರಿಸಿ ಅಳೆದುಕೊಳ್ಳಿ. ನಮ್ಮದು ಸುಮಾರು 27 ಇಂಚು ಬಂತು, 28ರ ಕಟ್ಟೆಯ ಕೆಳಗೆ ಕಲ್ಲಿನ ದಪ್ಪ ಕಳೆದರೆ ರೆಗ್ಯುಲೇಟರ್ ತಿರುಗಿಸೋಕೆ ಕೈ ಹೋಗಲ್ಲ. ಪಕ್ಕದ 32ರ ಕಟ್ಟೆಯ ಕೆಳಗೆ ಇಟ್ಟೆವು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತೆ. ಆದ್ದರಿಂದ ಆ ಬಾಗಿಲಿಗೆ ಕೆಳಭಾಗದಲ್ಲಿ ಗಾಳಿಗೆ ಜಾಗ ಬಿಡಲೇಬೇಕು.

ಬಾಗಿಲಿಗೆ ಎಷ್ಟು, ಡಬ್ಬಕ್ಕೆ ಎಷ್ಟು

ಮಾಡ್ಯುಲರ್ ಎಸ್ಟಿಮೇಟಿನಲ್ಲಿ ದೊಡ್ಡ ದುಡ್ಡು ಪ್ಲೈವುಡ್ ಡಬ್ಬಗಳದ್ದು. ನಮ್ಮ ಹಳೇ ಕಟ್ಟೆಯ ಕೆಳಗೆ ಆಗಲೇ ಡಬ್ಬಗಳಿದ್ದವು. ಕಡಪದ ನಿಲುವುಗಲ್ಲು, ಮಧ್ಯೆ ಕಡಪದ ಅಡ್ಡಹಲಗೆ. ನೀರಿಗೆ ಉಬ್ಬಲ್ಲ, ಗೆದ್ದಲು ತಿನ್ನಲ್ಲ. ಇದನ್ನು ಒಡೆದು ಅದೇ ಜಾಗದಲ್ಲಿ ಮರದ ಡಬ್ಬ ಇಡೋಕೆ ಲಕ್ಷ ಕೊಡಬೇಕಿತ್ತು! ನಾವು ಮಾಡಿದ್ದು ಇಷ್ಟೇ. ಇಳಿಸಬೇಕಾದ ಕಡೆ ನಿಲುವುಗಲ್ಲನ್ನು ಗ್ರೈಂಡರಿನಲ್ಲಿ ಕುಯ್ದು ಗಿಡ್ಡ ಮಾಡಿ, ಎದುರಿಗೆ ಡಬ್ಲ್ಯೂಪಿಸಿ ಚೌಕಟ್ಟು ಕೂರಿಸಿ, ಅದಕ್ಕೆ ಎಂಟು ಬಾಗಿಲು. ಕುಯ್ಯುವಾಗ ಒಂದು ನಿಲುವುಗಲ್ಲು ಪದರ ಬಿಟ್ಟು ಎರಡಾಯಿತು. ಕಳಚಿದ ಹಳೇ ಮೇಲುಕಲ್ಲಿನಿಂದಲೇ ಇನ್ನೊಂದು ಮಾಡಿದರು. ಮಿಕ್ಕ ಮೇಲುಕಲ್ಲು ಈಗ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲು.

ನಾನು ದುಡ್ಡು ಕಳೆದುಕೊಂಡದ್ದು ಬಾಗಿಲಿನ ಪ್ಲೈವುಡ್‌ನಲ್ಲಿ. ಕೋಲಾರದ ಒಂದು ಅಂಗಡಿಯಲ್ಲಿ "ವಾಟರ್‌ಪ್ರೂಫ್ ಮೇಡಂ, ಕಣ್ಮುಚ್ಕೊಂಡು ತಗೊಳಿ" ಅಂದರು, ಬಿಲ್ ಬೇಡ ಅಂದರೆ ಇನ್ನೂ ಕಡಿಮೆ ಅಂದರು. ಕಣ್ಣು ಮುಚ್ಚಿಕೊಂಡೇ ತಂದೆ, ₹2,100. ಕಾರ್ಪೆಂಟರ್ ನೋಡಿ ಮುಖ ಸಿಂಡರಿಸಿದ. ಒಂದು ಅಂಗೈಯಗಲ ತುಂಡು ಕೊಯ್ದು ಸ್ನಾನದ ಹಂಡೆಗೆ ಹಾಕು ಅಂದ. ಹಂಡೆ ಒಲೆಯಲ್ಲಿ ನೀಲಗಿರಿ ಸೌದೆ ಉರಿಯುತ್ತಿತ್ತು, ಬೆಳಗಿನಿಂದ ಮಧ್ಯಾಹ್ನದವರೆಗೆ ಕುದಿಯಿತು. ತೆಗೆದರೆ ಪದರ ಪದರ ಬಿಚ್ಚಿಕೊಂಡು ಹಪ್ಪಳದ ಕಟ್ಟಿನ ಹಾಗಾಗಿತ್ತು. ಅಂಗಡಿಯವರು ಕೊಯ್ದ ಹಲಗೆ ವಾಪಸ್ ಇಲ್ಲ ಅಂದರು. ಬಿಲ್ಲೂ ಇಲ್ಲ, ಮಾತಾಡೋಕೆ ಬಾಯೂ ಇಲ್ಲ.

ಎರಡನೇ ಸಲ ಹಲಗೆಯ ಮೇಲಿನ ಮುದ್ರೆ ನೋಡಿ ತಂದೆ. ನೀರಿನ ಜಾಗಕ್ಕೆ ಬೇಕಾದ ಮರೈನ್ ಪ್ಲೈವುಡ್ ಐಎಸ್ 710 ಗುಣಮಟ್ಟದ್ದು, ಆ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ. ಐಎಸ್ 303 ಅಂತಿದ್ದರೆ ಅದು ಸಾಮಾನ್ಯ ಬಳಕೆಯದು. ಮುದ್ರೆ ಯಾರು ಬೇಕಾದರೂ ಹಾಕಬಹುದಲ್ಲ ಅನ್ನೋ ಅನುಮಾನ ನನಗೂ ಇತ್ತು. ಕೊಳ್ಳೋ ಮುಂಚೆಯೇ ಅಂಗಡಿಯಲ್ಲಿ ಒಂದು ಚೂರು ಕೇಳಿ ತಂದು ಹಂಡೆಗೆ ಹಾಕಿದೆ. ಬಿಡಲಿಲ್ಲ. ಒಂದೇ ಹಲಗೆಯಲ್ಲಿ ಎಂಟೂ ಬಾಗಿಲು ಬಂದವು.

ಬಾಗಿಲಿನ ಒಳಮೈಗೂ ತೆಳು ಲ್ಯಾಮಿನೇಟ್ ಹಾಕಿಸಿ. ಹೊರಗೆ ಮಾತ್ರ ಹಾಕಿದರೆ ಬಾಗಿಲು ಬಾಗುತ್ತೆ. ದುಡ್ಡು ಉಳಿಸಬೇಕು ಅಂದರೆ ಹಿಡಿಕೆಯಲ್ಲಿ ಉಳಿಸಿ, ಕೀಲಿನಲ್ಲಿ ಬೇಡ. ಬಣ್ಣಕ್ಕೆ ತಮ್ಮ ಬಿಳಿ ಅಂದ, ಅಮ್ಮ "ಅರಿಶಿನದ ಕೈ ಯಾರದ್ದು?" ಅಂತ ಕೇಳಿದಳು. ಮಣ್ಣಿನ ಬಣ್ಣ ಆಯಿತು.

ಲೆಕ್ಕ

ಕೇಳೋರು ಜಾಸ್ತಿ ಇರೋದರಿಂದ ಪೂರ್ತಿ ಕೊಡುತ್ತೇನೆ. ಗ್ರಾನೈಟ್, ಅದರ ಸಾಗಣೆ, ಅಂಚಿನ ಪಾಲಿಶ್, ಕಡಪದ ಪಾಲಿಶ್ ಸೇರಿ ₹5,980. ಮೇಸ್ತ್ರಿ ಮತ್ತು ಕೈಯಾಳಿಗೆ ನಾಲ್ಕು ದಿನದ ಕೂಲಿ, ಜೊತೆಗೆ ಸಿಮೆಂಟು, ಮರಳು, ಇಟ್ಟಿಗೆ ₹9,400. ಬಾಗಿಲುಗಳು, ಚೌಕಟ್ಟು, ಕೀಲು, ಕಾರ್ಪೆಂಟರ್ ಕೂಲಿ ₹15,710. ಹೊಸ ಸಿಂಕು, ನಲ್ಲಿ, ಪ್ಲಂಬರ್ ₹6,100. ಎಲೆಕ್ಟ್ರಿಕಲ್ ಮತ್ತು ಎಕ್ಸಾಸ್ಟ್ ಫ್ಯಾನ್ ₹4,200. ಸ್ಟೌ ಹಿಂದಿನ ಟೈಲ್ಸ್, ಪೇಂಟ್ ₹4,100. ಕೆಲಸದವರ ಕಾಫಿ, ತಿಂಡಿ, ಆಟೊ ₹1,500. ಹಂಡೆಯಲ್ಲಿ ಬೆಂದ ಪ್ಲೈವುಡ್ ₹2,100. ಒಟ್ಟು ₹49,090. ನಿಮ್ಮೂರಲ್ಲಿ ಕೂಲಿ ಬೇರೆ ಇರಬಹುದು, ಕಟ್ಟೆಯ ಅಳತೆಯೂ ಬೇರೆ.

ಉಪ್ಪಿನಕಾಯಿ ಮಾವು ಬರೋ ಮುಂಚೆ ಮುಗಿಯಬೇಕು ಅನ್ನೋದು ಅಮ್ಮನ ಷರತ್ತು. ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ. ಬಿಸಿಲಲ್ಲಿ ಅದು ಹಿಂಸೆಯೇ. ಮೊದಲೇ ಒಂದು ಒಂಟಿ ಬರ್ನರಿನ ಸ್ಟೌ ಯಾರ ಹತ್ತಿರವಾದರೂ ಕೇಳಿ ಇಟ್ಟುಕೊಳ್ಳಬೇಕಿತ್ತು.

ಆಗದೇ ಉಳಿದ ಕೆಲಸಗಳೂ ಇವೆ. ಅಟ್ಟಕ್ಕೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ ನೇತಾಡುತ್ತಿದೆ. 36ರ ಕಟ್ಟೆ 32ಕ್ಕೆ ಇಳಿಯುವ ಜಾಗದಲ್ಲಿ ಅಂಚು ಸ್ವಲ್ಪ ಒರಟಾಗಿದೆ, ತಮ್ಮನ ಕೈಗೆ ಎರಡು ಸಲ ತರಚಿದೆ. ಹೆಣ್ಣಿನ ಕಡೆಯವರು ಮೇ ತಿಂಗಳಲ್ಲಿ ಬಂದಿದ್ದರು. ಹುಡುಗಿಯ ತಾಯಿ ಅಡುಗೆಮನೆ ನೋಡುತ್ತಾ ಹೋಗಿ ಮುದ್ದೆ ದಿಮ್ಮಿಯ ಮುಂದೆ ನಿಂತರು. ಗುಳಿಯಲ್ಲಿ ಕೈಯಾಡಿಸಿ, "ಇದನ್ನ ಯಾರು ಮಾಡಿದ್ದು? ನಂಬರ್ ಕೊಡ್ತೀರಾ?" ಅಂದರು. ಸಂಬಂಧ ಇನ್ನೂ ಮಾತಿನಲ್ಲಿದೆ, ಮೇಸ್ತ್ರಿಗೆ ಮಾತ್ರ ಅವರ ಊರಲ್ಲಿ ಕೆಲಸ ಸಿಕ್ಕಿತು.

ಮಣೆಯನ್ನು ಎಸೆಯೋಕೆ ಹೋದೆ. ಅಮ್ಮ ಕಸಿದುಕೊಂಡು ಬಾಗಿಲ ಪಕ್ಕದ ಮೂಲೆಯಲ್ಲಿ ಹಾಕಿದಳು. ಈಗ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಾಳೆ. ಮೊನ್ನೆ ಭಾನುವಾರ ಹೋದಾಗ ಅಲ್ಲೇ ಕೂತುಕೊಂಡು ದೂರು ಹೇಳಿದಳು: ಮಿಕ್ಸಿ ಪ್ಲಗ್ ಎಡಗಡೆ ಹಾಕಿಸಿದ್ದೀರಿ, ವೈರು ಕಟ್ಟೆಗೆ ಅಡ್ಡ ಬರುತ್ತೆ, ಯಾರೂ ನನ್ನ ಕೇಳಲಿಲ್ಲ. ಎಲೆಕ್ಟ್ರಿಷಿಯನ್ ಮುಂದಿನ ವಾರ ಬರುತ್ತೇನೆ ಅಂದಿದ್ದಾನೆ.